ಮಗಳಿಗೆ ರೇಡಿಯಾಲಜಿ ಸೀಟು, ಮನೆಯವರಿಗೆ ಎಕ್ಸ್‌ರೇ ಭಯ

ಪ್ರಶ್ನೆ: ಮಗಳಿಗೆ ಮೆಡಿಕಲ್ ಕಾಲೇಜಿನಲ್ಲಿ ಎಂಡಿ ರೇಡಿಯಾಲಜಿ ಸೀಟು ಸಿಕ್ಕಿದೆ. ಮುಂದಿನ ವರ್ಷ ಮದುವೆ ಮಾಡಬೇಕೆಂದಿದ್ದೇವೆ. ಮೂರು ವರ್ಷ ಎಕ್ಸ್‌ರೇ ಮಧ್ಯೆ ಇದ್ದರೆ ಮಕ್ಕಳಾಗುವುದಿಲ್ಲ ಎಂದು ನಮ್ಮ ಅತ್ತಿಗೆ ಹೆದರಿಸಿದ್ದಾರೆ. ಸೀಟು ಬಿಡಿಸೋಣವೇ?
– ಒಬ್ಬ ತಾಯಿ, ಹಾಸನ

ಉತ್ತರ: ಬಿಡಿಸಬೇಡಿ ಅಮ್ಮ. ನೀಟ್ ಪಿಜಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದವರೂ ಈ ಸೀಟಿಗೆ ಕಾದು ಕೂರುತ್ತಾರೆ.

ಮಗಳು ಜಾಸ್ತಿ ಹಿಡಿಯುವುದು ಅಲ್ಟ್ರಾಸೌಂಡ್ ಪ್ರೋಬ್. ಅದು ಬರೀ ಶಬ್ದ. ಎಂಆರ್‌ಐನಲ್ಲೂ ಎಕ್ಸ್‌ರೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಇದೆ, ಆದರೆ ಸ್ಕ್ಯಾನ್ ನಡೆಯುವಾಗ ಡಾಕ್ಟರು ಸಾಮಾನ್ಯವಾಗಿ ಸೀಸದ ಗಾಜಿನ ಆಚೆ ಇರುತ್ತಾರೆ. ಬೇರಿಯಂ ಕುಡಿಸಿ ನೋಡುವಂಥ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಯಂತ್ರದ ಪಕ್ಕ ನಿಲ್ಲಬೇಕಾಗಬಹುದು, ಆಗ ಲೆಡ್ ಏಪ್ರನ್ ಹಾಕಿಕೊಳ್ಳುತ್ತಾರೆ, ಅದರೊಳಗೆ ಎದೆಯ ಹತ್ತಿರ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿ ಎಷ್ಟು ತಗುಲಿದೆ ಎಂದು ಲೆಕ್ಕ ತೆಗೆಯುತ್ತಾರೆ. ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ), ಯಾವ ಒಂದು ವರ್ಷವೂ 30 ದಾಟುವಂತಿಲ್ಲ. ಗರ್ಭಿಣಿ ಎಂದು ಗೊತ್ತಾದ ಕೂಡಲೇ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಹೇಳಬೇಕು. ಅಲ್ಲಿಂದ ಮುಂದೆ ಮಗುವಿಗೆ ತಗುಲುವುದು 1 ಮಿಲಿಸೀವರ್ಟ್ ದಾಟದಂತೆ ಕೆಲಸ ಬದಲಿಸಿಕೊಡುತ್ತಾರೆ. ನಾನು ಪಿಜಿ ಇದ್ದಾಗ ಬ್ಯಾಡ್ಜನ್ನು ಹಾಸ್ಟೆಲ್ ಮೊಳೆಗೆ ನೇತುಹಾಕಿ ಬರುತ್ತಿದ್ದೆ, ಸೊನ್ನೆ ಬಂದ ರಿಪೋರ್ಟ್ ತೋರಿಸಿ ಅಮ್ಮನನ್ನು ಸಮಾಧಾನ ಮಾಡುತ್ತಿದ್ದೆ! ನಿಮ್ಮ ಮಗಳು ಹಾಗೆ ಮಾಡದಿರಲಿ.

ನನ್ನನ್ನು ಕೇಳಿದರೆ ಭಯ ಬೇಕಾದ ಜಾಗವೇ ಬೇರೆ. ರಾತ್ರಿ ಎರಡು ಗಂಟೆಗೆ ಆಕ್ಸಿಡೆಂಟ್ ಕೇಸಿನ ತಲೆಯ ಸಿಟಿ ಬಂದಿರುತ್ತದೆ, ನ್ಯೂರೋಸರ್ಜನ್ ಫೋನಿನಲ್ಲಿ ಕಾಯುತ್ತಿರುತ್ತಾರೆ, ರಕ್ತ ಇದೆಯೋ ಇಲ್ಲವೋ ಅಂತ ಮೊದಲು ಬಾಯಿಬಿಡಬೇಕಾದವಳು ಇವಳೇ. ಬೆಳಿಗ್ಗೆ ಸೀನಿಯರ್ ಅದೇ ಫಿಲ್ಮ್ ನೋಡಿ 'ಇದು ಕಾಣಲಿಲ್ವಾ?' ಅಂದಾಗ ನೆಲ ಬಿರಿಯಬಾರದೇ ಅನಿಸುತ್ತದೆ. ಕಲಿಯುವುದೂ ಹಾಗೆಯೇ.

ಇನ್ನೊಂದು, ಫಾರ್ಮ್ ಎಫ್. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ಅದನ್ನು ತುಂಬಬೇಕು. ಒಂದು ಖಾನೆ ಖಾಲಿ ಬಿಟ್ಟರೂ ಕೇಸಾಗಬಹುದು. ಸುಮ್ನೆ ಕಾಗದ ಅಂತ ಅಸಡ್ಡೆ ಮಾಡದಿರಲು ಹೇಳಿ.

ಮದುವೆ ಧಾರಾಳವಾಗಿ ಮಾಡಿ. ತಾರೀಕು ಗೊತ್ತು ಮಾಡುವ ಮೊದಲು ಪುರೋಹಿತರ ಜೊತೆಗೆ ಅವಳ ಡ್ಯೂಟಿ ಪಟ್ಟಿ ಹಾಕುವ ಸೀನಿಯರನ್ನೂ ಒಂದು ಮಾತು ಕೇಳಿ.