ಫೋಟೊ, ವಿಡಿಯೊ ಎರಡೂ ಸೇರಿಸೋಕೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ಅಪ್ಪ ಮುಂಡರಗಿಯ ಶಾಲೆಯಿಂದ ಮುಂದಿನ ತಿಂಗಳು ರಿಟೈರ್ ಆಗುತ್ತಾರೆ. ಬೀಳ್ಕೊಡುಗೆ ದಿನ ಎಲ್‌ಇಡಿ ಪರದೆಗೆ ಹಾಕಲು ಆಲ್ಬಮ್ ಫೋಟೊ, ಮೊಬೈಲ್ ವಿಡಿಯೊ ಎಲ್ಲ ಸೇರಿಸಿ ಒಂದು ಫಿಲ್ಮ್ ಮಾಡಬೇಕು. ಫೋಟೊಗಳೇ 300 ಇವೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್. ಹುಬ್ಬಳ್ಳಿಯ ಗೆಳೆಯ ಡಾವಿಂಚಿ ರಿಸಾಲ್ವ್ ಹಾಕಿಕೋ ಅನ್ನುತ್ತಾನೆ. ದುಡ್ಡು ಕೊಟ್ಟು ಕೊಳ್ಳಬೇಕಾ?
– ಓದುಗರು, ಗದಗ

ಉತ್ತರ: ಒಂದು ಪೈಸೆಯೂ ಬೇಡ. ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ, ರಿಸಾಲ್ವ್ ಒಳ್ಳೆಯದೇ, ಉಚಿತ ಆವೃತ್ತಿಯೂ ಇದೆ, ಆದರೆ ಅದಕ್ಕೆ 16 ಜಿಬಿ ರ‍್ಯಾಮ್, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಚೆಂದ. ನಿಮ್ಮ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. ಶಾಟ್‌ಕಟ್ (Shotcut) ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ, ಕಡೆಗೆ ಸೇವ್ ಮಾಡುವಾಗ ಫಿಲ್ಮ್ ಮೇಲೆ ತನ್ನ ಹೆಸರಿನ ಮುದ್ರೆ ಒತ್ತೋದಿಲ್ಲ. ‘ಫ್ರೀ’ ಅಂತ ಇಳಿಸಿಕೊಳ್ಳುವ ಎಷ್ಟೋ ಸಾಫ್ಟ್‌ವೇರ್‌ಗಳು ಕೊನೇ ಗಳಿಗೆಯಲ್ಲಿ ಕೈಕೊಡೋದು ಅಲ್ಲೇ.

ಮೊದಲ ಕೆಲಸ, ಎಲ್ಲವನ್ನೂ ಲ್ಯಾಪ್‌ಟಾಪ್‌ನ ಒಂದೇ ಫೋಲ್ಡರ್‌ಗೆ ಕಾಪಿ ಮಾಡಿ. ನಿಮ್ಮ ಎಡಿಟಿಂಗ್ ಸೇವ್ ಆಗುವ ಪ್ರಾಜೆಕ್ಟ್ ಫೈಲ್‌ನಲ್ಲಿ ಫೋಟೊ ಇರೋದಿಲ್ಲ, ಅದು ಎಲ್ಲಿದೆ ಅನ್ನೋ ವಿಳಾಸ ಅಷ್ಟೇ ಇರುತ್ತೆ. ಪೆನ್‌ಡ್ರೈವ್‌ನಿಂದ ನೇರ ಎಡಿಟ್ ಮಾಡಿ ಆಮೇಲೆ ಅದನ್ನು ಕಿತ್ತರೆ ಎಲ್ಲ ‘ಕಾಣೆಯಾಗಿದೆ’ ಅನ್ನುತ್ತೆ.

ಆಮೇಲೆ ಸೆಟ್ಟಿಂಗ್ಸ್‌ನ ವಿಡಿಯೊ ಮೋಡ್‌ನಲ್ಲಿ 1080ಪಿ (ಅಡ್ಡ ಪರದೆಯ ಫುಲ್ ಎಚ್‌ಡಿ ಅಳತೆ) ಆರಿಸಿ. ಇದನ್ನು ಬಿಟ್ಟರೆ ಮೊದಲು ಹಾಕಿದ ಫೈಲ್‌ನ ಅಳತೆಯೇ ಇಡೀ ಪ್ರಾಜೆಕ್ಟ್‌ನದ್ದಾಗುತ್ತೆ. ಅದು ಮೊಬೈಲ್ ನೆಟ್ಟಗೆ ಹಿಡಿದು ತೆಗೆದ ವಿಡಿಯೊ ಆಗಿದ್ದರೆ ಫಿಲ್ಮೂ ಉದ್ದುದ್ದ! ಅಂಥ ವಿಡಿಯೊಗಳ ಅಕ್ಕಪಕ್ಕದ ಕಪ್ಪು ಜಾಗಕ್ಕೆ ‘ಬ್ಲರ್: ಪ್ಯಾಡ್’ ಫಿಲ್ಟರ್ ಇದೆ.

ಫೋಟೊಗಳನ್ನು ಪ್ಲೇಲಿಸ್ಟ್‌ಗೆ ಹಾಕಿ, ಎಲ್ಲ ಆರಿಸಿ ಸ್ಲೈಡ್‌ಶೋ ಮಾಡಿಬಿಡಬಹುದು. ಆದರೆ 300 ಫೋಟೊ ತಲಾ 4 ಸೆಕೆಂಡ್ ಅಂದರೆ 20 ನಿಮಿಷ, ಮೇಲೆ ವಿಡಿಯೊ ಬೇರೆ. ಊಟದ ಹೊತ್ತಲ್ಲಿ ಯಾರು ಕೂರ್ತಾರೆ? 80 ಸಾಕು. ಶಾಲೆಯ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಅಪ್ಪನ ಮುಖಕ್ಕೆ ನಿಧಾನಕ್ಕೆ ಝೂಮ್ ಹೋಗಬೇಕಂದ್ರೆ ಅದನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಇಲ್ಲದಿದ್ದರೆ ಮುಖ ಮಸುಕಾಗುತ್ತೆ. ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವ ಫೋಟೊಗಳ ಗುಣಮಟ್ಟ ಇಳಿಯದಂತೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಕನ್ನಡದ ಹೆಸರು, ಶೀರ್ಷಿಕೆ ಯೂನಿಕೋಡ್‌ನಲ್ಲೇ (ಮೊಬೈಲ್‌ನಲ್ಲಿ ಟೈಪ್ ಆಗುವಂಥ ಕನ್ನಡ) ಟೈಪ್ ಮಾಡಿ. ಒತ್ತಕ್ಷರ ಕೆಟ್ಟರೆ ಬೇರೆ ಕಡೆ ಪಿಎನ್‌ಜಿ ಚಿತ್ರ ಮಾಡಿ ತಂದು ಹಾಕಿ.

ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಿ, ಹಿಂದಿನ ದಿನವೇ ಪರದೆಯವರ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿ. ಸೌಂಡ್ ಬರುತ್ತಾ ಅಂತಾನೂ.