ಓದು ಬಿಡಬೇಡಿ, ಮೊದಲು ಲಿಖಿತ ಅರ್ಜಿ ಕೊಡಿ

ಪುಣೆಯಲ್ಲಿ ಎಂ.ಎ. ಎರಡನೆಯ ವರ್ಷ, ಐದು ತಿಂಗಳ ಗರ್ಭಿಣಿ, ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುತ್ತಿದ್ದಾರೆ, ಓದು ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಮತ್ತು ಹಾಜರಾತಿ ವಿನಾಯಿತಿಯ ನಿಯಮ ರೂಪಿಸಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಡಿಸೆಂಬರ್‌ನಲ್ಲಿಯೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಪಿಎಚ್.ಡಿ.ಯವರಿಗೆ 240 ದಿನಗಳವರೆಗೆ ರಜೆ ಎಂದು ಸ್ಪಷ್ಟವಾಗಿದೆ. ಎಂ.ಎ.ಗೆ ಯುಜಿಸಿ ಹಾಗೆ ದಿನದ ಲೆಕ್ಕ ಕೊಟ್ಟಿಲ್ಲ, ಕಾಲೇಜುಗಳು ನುಣುಚಿಕೊಳ್ಳುವುದು ಇಲ್ಲಿಯೇ. 2023ರಲ್ಲಿ ದೆಹಲಿ ಹೈಕೋರ್ಟ್, ಎಂ.ಎಡ್. ವಿದ್ಯಾರ್ಥಿನಿಯೊಬ್ಬರಿಗೆ ಹೆರಿಗೆ ರಜೆ ನಿರಾಕರಿಸಿದ್ದ ನಿರ್ಧಾರವನ್ನು ರದ್ದುಪಡಿಸಿತು. ಅರ್ಜಿಯಲ್ಲಿ ಯುಜಿಸಿಯ ಪತ್ರ, ಈ ತೀರ್ಪು ಎರಡನ್ನೂ ಉಲ್ಲೇಖಿಸಿ.

ನಾನು ಮುಂಬೈ ಬಳಿಯ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಓಡಾಡಿ ಎಂ.ಕಾಂ. ಓದುವಾಗ ಏಳು ತಿಂಗಳು ತುಂಬಿತ್ತು. ಮೊದಲು "ಆಯಿತು, ನೋಡೋಣ" ಎಂದಿದ್ದ ಕಾಲೇಜಿನ ಕಚೇರಿ, ಪರೀಕ್ಷೆಗೆ ವಾರವಿರುವಾಗ ತನಗೇನೂ ಗೊತ್ತಿಲ್ಲ ಎಂದಿತು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ನನ್ನ ಜೊತೆ ಎರಡು ದಿನ ಆ ಕಚೇರಿಯ ಬೆಂಚಿನ ಮೇಲೆ ಕುಳಿತಳು. ಆ ಸಂಕಟ ನಿಮಗೆ ಬೇಡ.

ಪ್ರಾಂಶುಪಾಲರಿಗೆ ಈ ವಾರವೇ ಬರೆಯಿರಿ. ಹೆರಿಗೆಯ ಅಂದಾಜು ದಿನಾಂಕವಿರುವ ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಮುದ್ರೆ ಮತ್ತು ಆವಕ್ ಕ್ರಮಾಂಕ (ಅರ್ಜಿ ಸ್ವೀಕರಿಸಿದ್ದಕ್ಕೆ ಕಚೇರಿ ಕೊಡುವ ಸಂಖ್ಯೆ) ಹಾಕಿಸಿಕೊಂಡೇ ಹೊರಡಿ. ನೆಲಮಹಡಿಯಲ್ಲಿ ಪರೀಕ್ಷೆಗೆ ಜಾಗ ಬೇಕೆಂಬುದನ್ನೂ ಅದರಲ್ಲೇ ಕೇಳಿ. ಮರಾಠಿಯಲ್ಲಿ ಬರೆಯಲು ಕಷ್ಟವಾದರೆ ಹೇಳಿ, ನಾನು ಬರೆದುಕೊಡುತ್ತೇನೆ.