ಪೋಲೆಂಡಿನ ಜಿಲ್ಲೆ ಉಕ್ರೇನಿನಲ್ಲಿ

ಪ್ರಶ್ನೆ: ನಮ್ಮಜ್ಜ ಕೊಲ್ಹಾಪುರದ ಹತ್ತಿರ ವಳಿವಡೆಯ ಪೋಲಿಷ್ ಕ್ಯಾಂಪಿಗೆ ಹಾಲು ಹಾಕುತ್ತಿದ್ದರು. ಅಲ್ಲಿನ ಹೆಂಗಸೊಬ್ಬರು ಕೊಟ್ಟ ಫೋಟೊದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಪರಿಚಯದವರು ‘ಪೊವ್ಯಾತ್ ವುತ್ಸ್ಕ್, ವೊವಿನ್’ ಎಂದು ಓದಿ ಹೇಳಿದರು. ಪೋಲೆಂಡಿನ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.
– ಓದುಗರು, ಪಿಂಪ್ರಿ, ಪುಣೆ

ಉತ್ತರ: ಉಕ್ರೇನಿನ ನಕ್ಷೆ ತೆಗೆಯಿರಿ, ವಾಯವ್ಯ ಮೂಲೆಯಲ್ಲಿ ಲುತ್ಸ್ಕ್ ಇದೆ. ಅದೇ ಊರು, ಪೋಲಿಷ್ ಉಚ್ಚಾರಣೆಯಲ್ಲಿ ವುತ್ಸ್ಕ್. ಪೊವ್ಯಾತ್ ಎಂದರೆ ಜಿಲ್ಲೆ, ವೊವಿನ್ ಅದರ ಮೇಲಿನ ಪ್ರಾಂತ್ಯ.

1569ರ ಲುಬ್ಲಿನ್ ಒಪ್ಪಂದದಲ್ಲಿ ಈ ಸೀಮೆ ಲಿಥುವೇನಿಯದಿಂದ ಪೋಲೆಂಡಿಗೆ ಬಂತು. 1795ರಲ್ಲಿ ರಷ್ಯದ ಪಾಲು. 1921ರ ರೀಗಾ ಒಪ್ಪಂದದಿಂದ ಮತ್ತೆ ಪೋಲೆಂಡ್, ಲುತ್ಸ್ಕ್ ಪ್ರಾಂತ್ಯದ ಮುಖ್ಯ ಪಟ್ಟಣ. ಹಳ್ಳಿಗಳಲ್ಲಿ ಉಕ್ರೇನಿಯನ್ನರೇ ಹೆಚ್ಚು, ಪೇಟೆಯಲ್ಲಿ ಯಹೂದಿಗಳು ಬಹಳ. ಅಂಥ ಕಡೆ ಸರ್ಕಾರ ಪೋಲಿಷ್ ಮಾಜಿ ಸೈನಿಕರಿಗೆ ಜಮೀನು ಕೊಟ್ಟು ಕೂರಿಸಿತು. ಊರವರಿಗೆ ಹಿಡಿಸೀತೇ?

1939ರ ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಪೂರ್ವ ಗಡಿ ದಾಟಿತು. 1940ರ ಫೆಬ್ರವರಿಯ ಚಳಿಯಲ್ಲಿ ಆ ಸೈನಿಕರ ಸಂಸಾರಗಳನ್ನು ಮನೆಯಿಂದ ಎಬ್ಬಿಸಿ, ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯದ ಕಡೆ ಅಟ್ಟಿದರು. 1941ರಲ್ಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದಾಗ ಸ್ಟಾಲಿನ್‌ಗೆ ಪೋಲರು ಬೇಕಾದರು, ಬಿಡುಗಡೆಯಾಯಿತು. ಹಾಗೆ ಹೊರಬಿದ್ದವರಲ್ಲಿ ಕೆಲವರು ಇರಾನ್ ಮೂಲಕ ನಮ್ಮ ದೇಶಕ್ಕೆ ಬಂದರು. ವಳಿವಡೆ ಕ್ಯಾಂಪ್ 1943ರಿಂದ 1948ರವರೆಗೆ ಇತ್ತು. ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು, ಮಕ್ಕಳು. ಅಷ್ಟರಲ್ಲಿ ಪೋಲೆಂಡಿನ ಗಡಿಯೇ ಪಶ್ಚಿಮಕ್ಕೆ ಸರಿದಿತ್ತು. ಜಿಲ್ಲೆ ಸೋವಿಯತ್ ಉಕ್ರೇನಿಗೆ ಸೇರಿದ್ದರಿಂದ ಎಷ್ಟೋ ಜನ ಇಂಗ್ಲೆಂಡಿನ ದಾರಿ ಹಿಡಿದರು.

ಪುಣೆಯ ಕನ್ನಡಿಗರಿಗೆ ಇದು ತೀರಾ ಹೊಸದಲ್ಲ. ನಮ್ಮಪ್ಪನ ಶಾಲೆಯ ದಾಖಲೆಯಲ್ಲಿ ‘ತಾಲೂಕು ಬಾಗಲಕೋಟೆ, ಜಿಲ್ಲೆ ಬಿಜಾಪುರ, ಮುಂಬೈ ಇಲಾಖೆ’ ಎಂದಿದೆ. ಆದರೆ 1956ರಲ್ಲಿ ರಾಜ್ಯ ಬದಲಾದಾಗ ನಮ್ಮವರನ್ನು ಯಾರೂ ಮನೆಯಿಂದ ಎಬ್ಬಿಸಲಿಲ್ಲ.

ಫೋಟೊದ ಮೇಲೆ ‘ಉಕ್ರೇನ್’ ಎಂದು ತಿದ್ದಬೇಡಿ. ಬೇಕಿದ್ದರೆ ಬೇರೆ ಚೀಟಿಯಲ್ಲಿ ಬರೆದಿಡಿ. ಆಕೆಯ ಮನೆತನ ಹುಡುಕುವುದಿದ್ದರೆ, ಲುತ್ಸ್ಕ್ ಧರ್ಮಪ್ರಾಂತ್ಯದ ಹಳೆಯ ಕ್ಯಾಥೊಲಿಕ್ ಜನನ-ಮದುವೆ ದಫ್ತರಗಳು ಬಹಳಷ್ಟು ವಾರ್ಸಾದ ಪ್ರಾಚೀನ ದಾಖಲೆಗಳ ಕೇಂದ್ರ ಪತ್ರಾಗಾರದಲ್ಲಿವೆ. ಅವು ಚರ್ಚಿನ ಪ್ರಕಾರ ಜೋಡಿಸಿದವು, ಬರೀ ಜಿಲ್ಲೆಯ ಹೆಸರು ಹಿಡಿದು ಹೋದರೆ ಕೆಲಸವಾಗದು, ಹಳ್ಳಿಯ ಹೆಸರು ಬೇಕು. ಆ ಪೆನ್ಸಿಲ್ ಬರಹದ ಆಚೀಚೆ ಇನ್ನೇನಾದರೂ ಇದೆಯೇ, ಭೂತಗನ್ನಡಿ ಹಿಡಿದು ನೋಡಿ.